ಏಳು ಸೀಟು, ಒಂದು ಲೀಟರ್ ಇಂಜಿನ್: ನಮ್ಮ ಮನೆಗೆ ಕಾರು ಆರಿಸಿದ ಲೆಕ್ಕ

ಊರಲ್ಲಿ ಯಾರಾದರೂ ಕಾರು ತರುತ್ತೇವೆ ಅಂದರೆ ಮೊದಲು ಬರುವ ಪ್ರಶ್ನೆ, "ಎಷ್ಟು ಕೊಡ್ತದೆ?" ಲೀಟರಿಗೆ ಎಷ್ಟು ಕಿಲೋಮೀಟರ್ ಅಂತ ಅರ್ಥ. ಎರಡನೇ ಪ್ರಶ್ನೆ, "ಡೀಸೆಲ್ಲಾ, ಪೆಟ್ರೋಲಾ?" ಈ ಎರಡಕ್ಕೆ ಉತ್ತರ ಸಿಕ್ಕರೆ ಅರಳಿಕಟ್ಟೆಯಲ್ಲಿ ಕಾರಿನ ಮಾತು ಮುಗಿಯಿತು. 2025ರ ಕೊನೆಯಲ್ಲಿ ನಾವು ಕಾರು ಹುಡುಕಲು ಹೊರಟಾಗ ಈ ಎರಡು ಪ್ರಶ್ನೆ ನಮಗೆ ಸಾಲಲಿಲ್ಲ.

ನಮ್ಮದು ತಿಪಟೂರು ಕಡೆಯ ಹಳ್ಳಿ. ತೆಂಗಿನ ತೋಟವೇ ಬದುಕು. ಮನೆಯಲ್ಲಿ ಏಳು ಜನ: ಅಜ್ಜಿ, ಅಪ್ಪ, ಅಮ್ಮ, ಅಣ್ಣ, ಅತ್ತಿಗೆ, ಅವರ ಮಗಳು, ಮತ್ತೆ ಇದನ್ನು ಬರೆಯುತ್ತಿರುವವರು. ಅಪ್ಪನ ಎರಡೂ ಕಿಡ್ನಿ ಸೋತಿವೆ. ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕು. ಆಸ್ಪತ್ರೆ ಮನೆಯಿಂದ 18 ಕಿ.ಮೀ. ಹೋಗುವಾಗ ಬಸ್ಸಾದರೂ ನಡೆಯುತ್ತದೆ. ನಾಲ್ಕು ತಾಸು ಮಿಷನ್ನಿಗೆ ಕೂತು ಎದ್ದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುವ ಶಕ್ತಿ ಅವರಿಗೆ ಇರುವುದಿಲ್ಲ. ತಲೆ ಸುತ್ತುತ್ತದೆ, ಕಾಲು ಸೆಳೆಯುತ್ತದೆ, ಎಲ್ಲಾದರೂ ಒರಗಿಕೊಂಡರೆ ಸಾಕು ಅನ್ನಿಸುತ್ತದೆ. ಹಾಗಾಗಿ ಬಾಡಿಗೆ ಕಾರು ಮಾಡುತ್ತಿದ್ದೆವು. ಕಾದು ನಿಂತು ಕರೆದುಕೊಂಡು ಬರಲು ಒಂದು ಸಲಕ್ಕೆ 900 ರೂಪಾಯಿ.

ಮೊದಲು ಲೆಕ್ಕ ಹಾಕಿದ್ದು ಅಣ್ಣ. ಹಳೇ ನೋಟ್‌ಬುಕ್ಕಿನಲ್ಲಿ ವರ್ಷದ 12 ತಿಂಗಳು ಬರೆದು, ಯಾವ ತಿಂಗಳು ಯಾರು ಎಲ್ಲಿಗೆ ಹೋಗುತ್ತೇವೆ ಅಂತ ಗುರುತು ಹಾಕಿದೆವು. ಡಯಾಲಿಸಿಸ್‌ಗೆ ವರ್ಷಕ್ಕೆ ನೂರಕ್ಕೂ ಹೆಚ್ಚು ಓಡಾಟ. ಅದರಲ್ಲಿ ಹೋಗುವುದು ಇಬ್ಬರು ಅಥವಾ ಮೂವರು. ತಿಂಗಳಿಗೆ ಒಂದೆರಡು ಸಲ ಗೊಬ್ಬರದ ಚೀಲ, ಹಿಂಡಿ, ಕೊಬ್ಬರಿ. ಏಳೂ ಜನ ಒಟ್ಟಿಗೆ ಹೊರಡುವುದು ಹಬ್ಬ, ಮದುವೆ, ದೇವರ ಕೆಲಸ ಸೇರಿ ವರ್ಷಕ್ಕೆ 15 ದಿನ. ಅಂದರೆ ನಮಗೆ ಬೇಕಾದದ್ದು ದಿನಾ ಏಳು ಜನರನ್ನು ಹೊರುವ ಗಾಡಿ ಅಲ್ಲ. ದಿನಾ ಒಬ್ಬ ರೋಗಿಯನ್ನು ಒರಗಿಸಿಕೊಂಡು ಹೋಗಿ, ನಡುವೆ ಚೀಲ ಹೊತ್ತು, ಅಪರೂಪಕ್ಕೆ ಏಳು ಜನಕ್ಕೆ ಜಾಗ ಕೊಡುವ ಗಾಡಿ.

ಇಂಥ ಗಾಡಿಗೆ ಇಂಗ್ಲೆಂಡಿನಲ್ಲಿ ಎಸ್ಟೇಟ್ ಕಾರು ಅನ್ನುತ್ತಾರೆ. ಅಮೆರಿಕದವರು ಸ್ಟೇಷನ್ ವ್ಯಾಗನ್ ಅನ್ನುತ್ತಾರೆ. ಕಾರಿನಷ್ಟೇ ಎತ್ತರ, ಆದರೆ ಮೇಲ್ಛಾವಣಿ ಹಿಂದಿನವರೆಗೂ ಉದ್ದಕ್ಕೆ ಹೋಗಿರುತ್ತದೆ, ಹಿಂದೆ ದೊಡ್ಡ ಬಾಗಿಲು, ಸೀಟು ಮಡಚಿದರೆ ಸಾಮಾನಿಗೆ ಜಾಗ. ನಮ್ಮ ಕಡೆ ಎಸ್ಟೇಟ್ ಅಂದರೆ ಸಕಲೇಶಪುರದ ಕಾಫಿ ತೋಟ ಅಷ್ಟೇ. 1992ರಲ್ಲಿ ಟಾಟಾದವರು ಎಸ್ಟೇಟ್ ಅನ್ನುವ ಹೆಸರಿನಲ್ಲೇ ಒಂದು ಕಾರು ತಂದರು, 2004ರಲ್ಲಿ ಇಂಡಿಗೊ ಮರೀನಾ ಬಂತು. ಎರಡೂ ಬಹಳ ಕಾಲ ಬಾಳಲಿಲ್ಲ. ಆ ಕೆಲಸವನ್ನು ಈಗ ಎರ್ಟಿಗಾ, ಟ್ರೈಬರ್‌ನಂಥ ಮೂರು ಸಾಲಿನ ಕಾರುಗಳು ಮಾಡುತ್ತಿವೆ.

ಮೊದಲು ಡೀಸೆಲ್ ವಿಚಾರ. ನಮ್ಮ ಮಾವನವರ ಕಾಲದ ಬುದ್ಧಿಮಾತು, "ದೊಡ್ಡ ಗಾಡಿ ಅಂದ್ರೆ ಡೀಸೆಲ್ಲೇ." ಆಗ ಅದು ಸರಿ ಇತ್ತು. ಸರ್ಕಾರ ಡೀಸೆಲ್ ಬೆಲೆಯನ್ನು ಹಿಡಿದಿಟ್ಟಿತ್ತು. 2014ರ ಅಕ್ಟೋಬರಿನಲ್ಲಿ ಆ ಹಿಡಿತ ಬಿಟ್ಟ ಮೇಲೆ ಪೆಟ್ರೋಲಿಗೂ ಡೀಸೆಲ್‌ಗೂ ಇದ್ದ ಅಂತರ ಕರಗಿತು. 2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಬಂತು. ಹೊಸ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಫಿಲ್ಟರ್ ಇರುತ್ತದೆ. ಗಾಡಿ ಹೈವೇಯಲ್ಲಿ ಒಂದೇ ವೇಗದಲ್ಲಿ ಒಂದಷ್ಟು ಹೊತ್ತು ಓಡಿ ಚೆನ್ನಾಗಿ ಬಿಸಿಯಾದರೆ ಆ ಮಸಿ ಸುಟ್ಟುಹೋಗುತ್ತದೆ. ಬರೀ ಹತ್ತಿರದ ಓಡಾಟ, ಅದೂ ಗುಂಡಿ ರಸ್ತೆಯಲ್ಲಿ ನಿಧಾನಕ್ಕೆ ಓಡಿದರೆ ಮಸಿ ಕಟ್ಟಿಕೊಳ್ಳುತ್ತಾ ಹೋಗುತ್ತದೆ. ನಮ್ಮ 18 ಕಿ.ಮೀ.ನಲ್ಲಿ 11 ಕಿ.ಮೀ. ಅಂಥದ್ದೇ ರಸ್ತೆ. ಅಲ್ಲಿಗೆ ಡೀಸೆಲ್ ಮಾತು ಬಿಟ್ಟೆವು.

ಸಿಎನ್‌ಜಿ ಅಗ್ಗ, ನಿಜ. ಆದರೆ ಸಿಲಿಂಡರ್ ಕೂರುವುದು ಸಾಮಾನ್ಯವಾಗಿ ಸಾಮಾನಿನ ಜಾಗದಲ್ಲೇ. ನಮಗೆ ಆ ಜಾಗವೇ ಬೇಕಿತ್ತು. ಉಳಿದದ್ದು ಸಣ್ಣ ಪೆಟ್ರೋಲ್ ಇಂಜಿನ್.

ಸಣ್ಣದು ಅಂದರೆ ಎಷ್ಟು ಸಣ್ಣದು? ಇಲ್ಲಿ ತೆರಿಗೆಯ ಗೆರೆ ಒಂದಿದೆ, ತಿಳಿದುಕೊಂಡಿರಿ. ಪೆಟ್ರೋಲ್ ಇಂಜಿನ್ 1200 ಸಿಸಿ ಒಳಗೆ, ಕಾರಿನ ಉದ್ದ 4 ಮೀಟರ್ ಒಳಗೆ ಇದ್ದರೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 18 ಪರ್ಸೆಂಟ್. ಎರಡರಲ್ಲಿ ಒಂದು ಮೀರಿದರೂ 40 ಪರ್ಸೆಂಟ್. ಟ್ರೈಬರ್ 999 ಸಿಸಿ, ಉದ್ದ 4 ಮೀಟರಿಗಿಂತ ಸ್ವಲ್ಪ ಕಡಿಮೆ. ಗೆರೆಯ ಒಳಗೆ ಕೂರಲೆಂದೇ ಮಾಡಿದ ಅಳತೆ. ಎರ್ಟಿಗಾ 1,462 ಸಿಸಿ, ಉದ್ದ 4 ಮೀಟರಿಗಿಂತ ಜಾಸ್ತಿ. ಗೆರೆಯ ಆಚೆ. ಇದರ ಮೇಲೆ ನಮ್ಮ ರಾಜ್ಯದ ಜೀವಾವಧಿ ತೆರಿಗೆ ಬೇರೆ. ಕಾರಿನ ಬೆಲೆ 5ರಿಂದ 10 ಲಕ್ಷದ ಒಳಗಿದ್ದರೆ 14 ಪರ್ಸೆಂಟ್, 10 ಲಕ್ಷ ದಾಟಿ 20 ಲಕ್ಷದ ಒಳಗಿದ್ದರೆ 17. ಅದರ ಮೇಲೆ ಸೆಸ್. ಶೋರೂಮಿನ ಬೋರ್ಡಿನಲ್ಲಿ ಬರೆದ ಬೆಲೆಗೂ ಕೊನೆಗೆ ಕೈಬಿಡುವ ದುಡ್ಡಿಗೂ ಲಕ್ಷಗಟ್ಟಲೆ ಅಂತರ ಬರುವುದು ಹೀಗೆ.

ಇಂಜಿನ್ ಶಕ್ತಿಯಲ್ಲಿ ಎರಡಕ್ಕೂ ಹೋಲಿಕೆ ಇಲ್ಲ. ಎರ್ಟಿಗಾದ್ದು ಸುಮಾರು 103 ಪಿಎಸ್, ಟ್ರೈಬರ್‌ನದು 72. ಆದರೆ ಮೈಲೇಜ್ ನೋಡಿ, ಕಂಪನಿ ಹೇಳುವ ಲೆಕ್ಕದಲ್ಲಿ ಎರಡೂ ಲೀಟರಿಗೆ 20 ಕಿ.ಮೀ. ಆಸುಪಾಸಿನಲ್ಲೇ ಇವೆ. ಇಂಜಿನ್ ಸಣ್ಣದಾದರೆ ಮೈಲೇಜ್ ಜಾಸ್ತಿ ಅನ್ನುವುದು ಯಾವಾಗಲೂ ನಿಜವಲ್ಲ. ಭಾರ ಹೊರಲು ಸಣ್ಣ ಇಂಜಿನ್ ಜಾಸ್ತಿ ತಿರುಗಬೇಕು, ತಿರುಗಿದಷ್ಟೂ ಕುಡಿಯುತ್ತದೆ. "ಎಷ್ಟು ಕೊಡ್ತದೆ" ಅನ್ನುವ ಪ್ರಶ್ನೆಗೆ ಸರಿಯಾದ ಉತ್ತರ, "ಎಷ್ಟು ಜನ ಕೂತಿದ್ದೀರಿ?"

ಇನ್ನು ಅಪ್ಪನ ಪರೀಕ್ಷೆ. ನೋಡಿದ ಪ್ರತಿ ಕಾರಿಗೂ ಅಪ್ಪನನ್ನೇ ಹತ್ತಿಸಿ ಇಳಿಸಿ ನೋಡಿದೆವು. ಅವರ ಎಡಗೈಯಲ್ಲಿ ಫಿಸ್ಟುಲಾ ಇದೆ, ಆ ಕೈ ಮೇಲೆ ಭಾರ ಬೀಳಬಾರದು. ಎಡಗಡೆ ಬಾಗಿಲಿನಿಂದ ಹತ್ತಿದರೆ ಬಲಗೈ ಊರಿಕೊಳ್ಳಬಹುದು. ಡಿಕ್ಕಿ ಇರುವ ತಗ್ಗು ಕಾರುಗಳಲ್ಲಿ ಅವರು ಕೂರುತ್ತಿದ್ದರು, ಏಳಲು ಆಗುತ್ತಿರಲಿಲ್ಲ. ಬೊಲೆರೊ ಅಂಥ ಎತ್ತರದ ಗಾಡಿಗೆ ಹತ್ತಲು ಇಬ್ಬರು ಹಿಡಿಯಬೇಕಾಯಿತು. ಎರ್ಟಿಗಾ, ಟ್ರೈಬರ್ ಎರಡರಲ್ಲೂ ಸೀಟು ಮನೆಯ ಕುರ್ಚಿಯಷ್ಟೇ ಎತ್ತರದಲ್ಲಿ ಸಿಕ್ಕಿತು. ನಡುವಿನ ಸಾಲು ಹಿಂದಕ್ಕೆ ಒರಗುತ್ತದೆ. ಸೇಲ್ಸ್ ಹುಡುಗರು ಟಚ್ ಸ್ಕ್ರೀನ್ ತೋರಿಸುತ್ತಿದ್ದರೆ, ಅಪ್ಪ ಕಣ್ಣು ಮುಚ್ಚಿ ಒರಗಿಕೊಂಡೇ ಇದ್ದರು.

ಎರಡರಲ್ಲಿ ಯಾವುದು? ಎರ್ಟಿಗಾ ಆರಾಮು, ಓಟವೂ ಸಲೀಸು. ಮೂರೂ ಸಾಲು ಎತ್ತಿ ನಿಲ್ಲಿಸಿದರೂ ಹಿಂದೆ 209 ಲೀಟರ್ ಜಾಗ ಉಳಿಯುತ್ತದೆ. ಟ್ರೈಬರ್‌ನಲ್ಲಿ ಏಳು ಸೀಟೂ ಇದ್ದರೆ ಹಿಂದೆ ಉಳಿಯುವುದು 84 ಲೀಟರ್, ಎರಡು ಬಟ್ಟೆ ಚೀಲ ಇಟ್ಟರೆ ಮುಗಿಯಿತು. ಆದರೆ ಅದರ ಕೊನೆ ಸಾಲಿನ ಸೀಟುಗಳನ್ನು ಪೂರ್ತಿ ಕಳಚಿ ಮನೆಯಲ್ಲಿ ಇಡಬಹುದು. ಆಗ 625 ಲೀಟರ್ ಜಾಗ. ನಮ್ಮ ನೋಟ್‌ಬುಕ್ ಪ್ರಕಾರ ವರ್ಷದ 350 ದಿನ ಆ ಸೀಟು ಅಟ್ಟದ ಮೇಲೆ ಇರಬಹುದು. ಅಲ್ಲಿಗೆ ಮನಸ್ಸು ಟ್ರೈಬರ್ ಕಡೆ ವಾಲಿತು.

ದುಡ್ಡಿನ ಮಾತು ಬಂದಾಗ ಅಪ್ಪ ಸಿಟ್ಟಾದರು. "ನನ್ ಸಲುವಾಗಿ ಸಾಲ ಮಾಡ್ಬೇಡ್ರೋ. ನಾನಿನ್ನೆಷ್ಟು ದಿನ ಇರ್ತೀನೋ ಏನೋ, ಸಾಲ ಐದ್ ವರ್ಷ ಇರ್ತದೆ." ಅಮ್ಮ ಒಳಗಿನಿಂದಲೇ ಅಂದರು, "ಬಾಡಿಗೆ ಕಾರಿನೋನು ಬರ್ನಿಲ್ಲ ಅಂತ ಹೋದ ತಿಂಗ್ಳು ಒಂದ್ಸಲ ತಪ್ಪಿಸ್ಕೊಂಡ್ರಲ್ಲ, ಆ ರಾತ್ರಿ ಉಸ್ರು ಕಟ್ಟಿ ಒದ್ದಾಡಿದ್ದು ಮರ್ತೋಯ್ತಾ?" ಅದಾದ ಮೇಲೆ ಮನೆಯಲ್ಲಿ ಯಾರೂ ಮಾತಾಡಲಿಲ್ಲ.

ಹೊಸ ಕಾರಿನ ಕಂತು ನಮ್ಮ ಕೈಗೆ ಎಟುಕುತ್ತಿರಲಿಲ್ಲ. ಸೆಕೆಂಡ್ ಹ್ಯಾಂಡ್ ಹುಡುಕಿದೆವು. ಅದರಲ್ಲಿ ಒಂದು ಲಾಭ, ನಮ್ಮ ರಾಜ್ಯದಲ್ಲೇ ನೋಂದಣಿಯಾದ ಗಾಡಿಯಾದರೆ ಜೀವಾವಧಿ ತೆರಿಗೆಯನ್ನು ಮೊದಲ ಮಾಲೀಕರು ಕಟ್ಟಿರುತ್ತಾರೆ. ಹೊಸ ಕಾರಿನ ಜಿಎಸ್‌ಟಿ ಇಳಿದಿದ್ದರಿಂದ ಚೌಕಾಸಿ ಮಾಡಲು ನಮಗೂ ಒಂದು ಮಾತು ಸಿಕ್ಕಿತು. 2023ರ ಏಪ್ರಿಲ್ ನಂತರ ತಯಾರಾದದ್ದೇ ಬೇಕು ಅಂತ ಹಟ ಹಿಡಿದೆವು. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್. ಅದಕ್ಕೆ ಹೊಂದುವ ರಬ್ಬರ್, ಪೈಪು ಹಾಕಿ ಗಾಡಿ ಮಾಡಲು ಶುರುವಾದದ್ದು ಆ ಹೊತ್ತಿಗೆ.

ಕೊನೆಗೆ ಐದೂಕಾಲು ಲಕ್ಷಕ್ಕೆ ಒಂದು ಗಾಡಿ ಕುದುರಿತು. ಕೊಬ್ಬರಿಗೆ ಒಳ್ಳೆ ಬೆಲೆ ಬಂದಿದ್ದ ವರ್ಷ, ಎರಡೂಕಾಲು ಲಕ್ಷ ಕೈಯಲ್ಲಿತ್ತು. ಮೂರು ಲಕ್ಷ ಸಾಲ, ಐದು ವರ್ಷಕ್ಕೆ ಕಂತು ತಿಂಗಳಿಗೆ 6,700. ಡಯಾಲಿಸಿಸ್ ಓಡಾಟದ ಪೆಟ್ರೋಲು ಸುಮಾರು 2,100. ಇನ್ಶೂರೆನ್ಸ್, ಸರ್ವಿಸ್ ಸೇರಿ ತಿಂಗಳಿಗೆ 1,500 ಎತ್ತಿಡಬೇಕು. ಒಟ್ಟು 10,300. ಬಾಡಿಗೆ ಕಾರಿಗೆ ಕೊಡುತ್ತಿದ್ದದ್ದು 8,100. ಲೆಕ್ಕದಲ್ಲಿ ಕಾರು ಸೋತಿತು, ಇದನ್ನು ಮುಚ್ಚಿಡುವುದಿಲ್ಲ. ವಾರಕ್ಕೆ ಮೂರು ಡಯಾಲಿಸಿಸ್ ಆಗಬಹುದು ಅಂತ ಡಾಕ್ಟರು ಹೇಳಿದ್ದಾರೆ. ಹಾಗಾದರೆ ಬಾಡಿಗೆ 11,700 ಆಗುತ್ತದೆ, ಸ್ವಂತ ಕಾರಿನ ಖರ್ಚು 11,400. ಅಲ್ಲಿಗೆ ಸಮಸಮ. ಆ 300 ರೂಪಾಯಿ ಉಳಿಯಲಿ ಅಂತ ಮನೆಯಲ್ಲಿ ಯಾರೂ ಹರಸಿಕೊಳ್ಳುವುದಿಲ್ಲ ಬಿಡಿ. ತಿಂಗಳಿಗೆ 2,200 ಜಾಸ್ತಿ ಕೊಟ್ಟು ನಾವು ಕೊಂಡದ್ದು, ರಾತ್ರಿ ಹನ್ನೆರಡಕ್ಕೂ ಯಾರ ಫೋನಿಗೂ ಕಾಯದೆ ಹೊರಡುವ ಧೈರ್ಯ.

ನೀವೂ ಹಳೇ ಗಾಡಿ ಕೊಳ್ಳುವುದಾದರೆ ಕೆಲವು ಮಾತು. ಆರ್‌ಸಿ ಮೇಲೆ ಹಳೇ ಸಾಲದ ಹೆಸರಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಇಲ್ಲದೆ ದುಡ್ಡು ಕೊಡಬೇಡಿ. ಹೆಸರು ಬದಲಿಗೆ ಫಾರಂ 29, 30 ಸಹಿ ಮಾಡಿಸಿಕೊಳ್ಳಿ. ಇನ್ಶೂರೆನ್ಸನ್ನು 14 ದಿನದ ಒಳಗೆ ನಿಮ್ಮ ಹೆಸರಿಗೆ ಮಾಡಿಸಿ. ಬಾಕಿ ದಂಡ ಇದೆಯಾ ಅಂತ ಫೋನಿನಲ್ಲೇ ನೋಡಬಹುದು. ಗಾಡಿ ನೋಡಲು ಬೆಳಿಗ್ಗೆಯೇ ಹೋಗಿ, ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿಸಿ. ಓಡಿಸಿ ನೋಡುವಾಗ ಒಬ್ಬರೇ ಹೋಗಬೇಡಿ, ಮನೆಯವರನ್ನೆಲ್ಲ ಕೂರಿಸಿಕೊಳ್ಳಿ.

ಈ ಕೊನೆ ಮಾತಿಗೆ ಕಾರಣ ಇದೆ. ಟ್ರೈಬರ್‌ನ ತೂಕ ಒಂದು ಟನ್ನಿಗಿಂತ ಸ್ವಲ್ಪ ಕಡಿಮೆ. ತಲಾ 60 ಕೆಜಿಯಂತೆ ಏಳು ಜನ ದೊಡ್ಡವರು ಕೂತರೆ 420 ಕೆಜಿ. ಕಾರಿನ ಅರ್ಧದಷ್ಟು ತೂಕ ಜನದ್ದೇ ಆಯಿತು. ಧರ್ಮಸ್ಥಳಕ್ಕೆ ಹೋಗಿ ವಾಪಸ್ ಶಿರಾಡಿ ಘಾಟಿ ಹತ್ತುವಾಗ ಇದು ಚೆನ್ನಾಗಿ ಗೊತ್ತಾಯಿತು. ಸಣ್ಣ ಪೆಟ್ರೋಲ್ ಇಂಜಿನ್ನಿಗೆ ಕಡಿಮೆ ಸುತ್ತಿನಲ್ಲಿ ದಮ್ಮಿಲ್ಲ. ಏರು ಶುರುವಾಗುವ ಮೊದಲೇ ಗೇರು ಇಳಿಸಬೇಕು, ಏರಿನ ನಡುವೆ ಉಸಿರುಗಟ್ಟಿದ ಮೇಲಲ್ಲ. ಕಡಿದಾದ ತಿರುವಿನಲ್ಲಿ ಎಸಿ ಆರಿಸಿದೆವು. ಲಾರಿ ಹಿಂದೆ ಹಾಕುವ ಆಸೆ ಬಿಟ್ಟೆವು. ಅಜ್ಜಿ ಮಾತ್ರ "ನಿಧಾನಕ್ಕೆ ಹೋದ್ರೆ ಕಾಡು ಕಾಣ್ತದೆ" ಅಂತ ಖುಷಿಯಾಗಿದ್ದರು. ತಿಂಗಳಿಗೆ ನಾಲ್ಕು ಸಲ ಘಾಟಿ ಹತ್ತುವ ಮನೆ ನಿಮ್ಮದಾದರೆ ದೊಡ್ಡ ಇಂಜಿನ್ನೇ ನೋಡಿ.

ಸುರಕ್ಷತೆ ವಿಚಾರವೂ ಹೇಳಿಬಿಡುತ್ತೇವೆ. ಮೂರನೇ ಸಾಲಿನವರ ಬೆನ್ನಿಗೂ ಹಿಂದಿನ ಬಾಗಿಲಿಗೂ ನಡುವೆ ಜಾಗ ಕಡಿಮೆ. ಹಾಗಾಗಿ ಮಗುವನ್ನು ಅಲ್ಲಿ ಕೂರಿಸುವುದಿಲ್ಲ. ಎಲ್ಲ ಸಾಲಿನವರೂ ಬೆಲ್ಟ್ ಹಾಕಬೇಕು, ಅಜ್ಜಿಗೂ ವಿನಾಯಿತಿ ಇಲ್ಲ. 2023ರ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಅಂತ ನಮ್ಮ ದೇಶದ್ದೇ ಅಪಘಾತ ಪರೀಕ್ಷೆ ಬಂದಿದೆ. ನಿಮ್ಮ ಮನಸ್ಸಿನಲ್ಲಿರುವ ಕಾರಿಗೆ ಎಷ್ಟು ಸ್ಟಾರ್ ಅಂತ ನೋಡಿ ಆಮೇಲೆ ಬಣ್ಣ ಆರಿಸಿ.

ನಾವು ಮೊದಲೇ ಕೇಳಿಕೊಳ್ಳಬೇಕಾಗಿದ್ದ ಇನ್ನೊಂದು ಪ್ರಶ್ನೆಯನ್ನು ಎತ್ತಿದ್ದು ಅತ್ತಿಗೆ. "ಓಡಿಸೋರು ಯಾರು?" ಅಣ್ಣ ಕೆಲಸಕ್ಕೆ ತುಮಕೂರಿಗೆ ಹೋಗುತ್ತಾರೆ. ಡಯಾಲಿಸಿಸ್ ದಿನ ಮನೆಯಲ್ಲಿ ಇರುವುದು ಅವರೇ. ಎರಡು ತಿಂಗಳಲ್ಲಿ ಕಲಿತು ಲೈಸೆನ್ಸ್ ತೆಗೆದುಕೊಂಡರು. ಹಗುರ ಕ್ಲಚ್ಚು, ಗಲ್ಲಿಯಲ್ಲಿ ತಿರುಗುವ ಗಿಡ್ಡ ಗಾಡಿ, ಕಲಿಯುವವರಿಗೆ ಇದೇ ದೊಡ್ಡ ಅನುಕೂಲ.

ಪಕ್ಕದ ಹಟ್ಟಿಯಲ್ಲಿ ಇನ್ನೊಬ್ಬರಿಗೂ ಅದೇ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಇದೆ ಅಂತ ಕಾರು ಬಂದ ಮೇಲೆ ಗೊತ್ತಾಯಿತು. ಬಿಳಿ ಬೋರ್ಡಿನ ಗಾಡಿಯಲ್ಲಿ ಬಾಡಿಗೆ ತೆಗೆದುಕೊಳ್ಳುವ ಹಾಗಿಲ್ಲ, ತೆಗೆದುಕೊಂಡರೆ ನಾಳೆ ಇನ್ಶೂರೆನ್ಸಿಗೂ ತೊಂದರೆ. ನಮಗೆ ಬೇಕಾಗಿಯೂ ಇಲ್ಲ. ಈಗ ಅವರೂ ನಮ್ಮ ಜೊತೆಗೇ ಬರುತ್ತಾರೆ. ಬರುವಾಗ ನಡುವಿನ ಸಾಲಿನಲ್ಲಿ ಎಡಕ್ಕೊಬ್ಬರು ಬಲಕ್ಕೊಬ್ಬರು ಒರಗಿ ನಿದ್ದೆ ಹೋಗಿರುತ್ತಾರೆ. ಅತ್ತಿಗೆ ಗುಂಡಿ ತಪ್ಪಿಸಿ ನಿಧಾನಕ್ಕೆ ಓಡಿಸುತ್ತಾರೆ.