ಮೊಮ್ಮಗನಿಗೊಂದು ಶಾಲೆ

ಗಡಹಿಂಗ್ಲಜ ತಾಲೂಕಿನ ಹಳ್ಳಿಗಳಲ್ಲಿ ಮೂವತ್ತು ವರುಷಗಳಿಂದ ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸುತ್ತ ಬಂದವನು ನಾನು. ಮಗುವಿನ ಮೊದಲ ಪಾಠ ತಾಯ್ನುಡಿಯಲ್ಲಿಯೇ ಆಗಬೇಕೆಂಬುದು ತರಬೇತಿ ಕಾಲೇಜಿನಲ್ಲಿ ಕಲಿತ ಮಾತು. ಅದನ್ನು ಪಾಲಕರ ಸಭೆಗಳಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಅಂಥ ನಾನೇ ಕಳೆದ ವರುಷ ಮೊಮ್ಮಗನ ಜನನ ದಾಖಲೆಯನ್ನು ಕೈಚೀಲದಲ್ಲಿಟ್ಟುಕೊಂಡು, ಕ್ರೈಸ್ತರು ನಡೆಸುವ ಇಂಗ್ಲಿಷ್ ಶಾಲೆಯೊಂದನ್ನು ಹುಡುಕುತ್ತ ಪುಣೆಯಲ್ಲಿ ಅಲೆದೆನೆಂದರೆ ಓದುಗರು ನಕ್ಕಾರು.

ಮಗಳನ್ನು ಇಚಲಕರಂಜಿಗೆ ಕೊಟ್ಟಿದ್ದೇವೆ. ಅಳಿಯಂದಿರು ಪವರ್‌ಲೂಮುಗಳ ದುರಸ್ತಿ ಬಲ್ಲವರು. ಮಗ್ಗದ ದುಡಿಮೆ ಸಾಲದಾಗಿ, ಪಿಂಪ್ರಿ-ಚಿಂಚವಡದ ಕಾರ್ಖಾನೆಯೊಂದರಲ್ಲಿ ಕೆಲಸ ಹಿಡಿದರು. “ಅಪ್ಪಾ, ಇಲ್ಲಿ ಕ್ರಿಶ್ಚನ್ ಸಾಲ್ಯಾಗ ಶಿಸ್ತು ಚಲೋ ಅಂತಾರ. ನಮಗೇನೂ ತಿಳಿಯೂದಿಲ್ಲ, ನೀವ ಬಂದು ನೋಡ್ರಿ” ಎಂದು ಮಗಳು ಫೋನು ಮಾಡಿದಳು.

ನಾವು ಕ್ರೈಸ್ತರಲ್ಲ. ಆದರೆ ಮಿಶನ್ ಶಾಲೆಗಳು ನಮ್ಮ ಭಾಗಕ್ಕೆ ಹೊಸವಲ್ಲ. ಅಮೇರಿಕೆಯ ವೈಲ್ಡರ್ ಎಂಬ ಪಾದ್ರಿಗಳು ಕೊಲ್ಹಾಪುರಕ್ಕೆ ಬಂದು ನೆಲೆಸಿದ್ದು 1852ರಲ್ಲಿ. ಕನ್ನಡಿಗರ ಮೇಲಂತೂ ಮಿಶನರಿಗಳ ಋಣ ದೊಡ್ಡದು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಮೊಗ್ಲಿಂಗ್, 1894ರಲ್ಲಿ ನಿಘಂಟನ್ನು ಅಚ್ಚು ಮಾಡಿಸಿಕೊಟ್ಟ ಕಿಟೆಲ್ ಇಬ್ಬರೂ ಬಾಸೆಲ್ ಮಿಶನ್ನಿನವರೇ. ಆದುದರಿಂದ ಮನಸ್ಸಿನಲ್ಲಿ ಅಳುಕಿದ್ದರೂ ದ್ವೇಷವಿರಲಿಲ್ಲ.

ಪುಣೆಯ ಕ್ಯಾಂಪ್ ಭಾಗದಲ್ಲಿ 1864ರ ಬಿಷಪ್ಸ್, 1867ರ ಸೇಂಟ್ ವಿನ್ಸೆಂಟ್ಸ್ ಮೊದಲಾದ ಹಳೆಯ ಶಾಲೆಗಳಿವೆ. ಹೆಸರು ದೊಡ್ಡದು, ನಿಜ. ಆದರೆ ಆರು ವರುಷದ ಕೂಸು ಪಿಂಪ್ರಿಯಿಂದ ದಿನವೂ ಅಷ್ಟು ದೂರ ಬಸ್ಸಿನಲ್ಲಿ ಹೋಗಿಬರುವುದೆಂತು? ಶಾಲೆ ಎಷ್ಟು ಒಳ್ಳೆಯದೆಂಬುದಕ್ಕಿಂತ ಮೊದಲು ಎಷ್ಟು ಹತ್ತಿರವೆಂಬುದನ್ನು ನೋಡಬೇಕೆಂದು ಅಂದೇ ಕಲಿತೆ.

ಮನೆಯ ಸಮೀಪದಲ್ಲಿಯೇ ಒಂದು ಶಾಲೆಯ ಫಲಕದ ಮೇಲೆ ಸಂತರೊಬ್ಬರ ಹೆಸರು ಕಂಡು ಸಂತೋಷವಾಯಿತು. ವಿಚಾರಿಸಲಾಗಿ, ಅದಕ್ಕೂ ಯಾವ ಚರ್ಚಿಗೂ ಸಂಬಂಧವಿಲ್ಲವೆಂದು ತಿಳಿಯಿತು! ಅಲ್ಲಿಯ ಗುಮಾಸ್ತರು ಕಟ್ಟಡಕ್ಕೆಂದು ದೊಡ್ಡ ಮೊತ್ತ ಕೇಳಿದರು. ರಸೀದಿ ಕೊಡುವಿರಾ ಎಂದುದಕ್ಕೆ ಮುಖ ತಿರುಗಿಸಿದರು. ಪ್ರವೇಶಕ್ಕಾಗಿ ದೇಣಿಗೆ ಪಡೆಯುವುದನ್ನೂ ಮಗುವನ್ನಾಗಲಿ ತಂದೆತಾಯಿಗಳನ್ನಾಗಲಿ ಪರೀಕ್ಷಿಸುವುದನ್ನೂ 2009ರ ಶಿಕ್ಷಣ ಹಕ್ಕಿನ ಕಾಯಿದೆ ನಿಷೇಧಿಸಿದೆ. ಕಾಯಿದೆಯನ್ನು ಬಾಯಿಪಾಠ ಮಾಡಿದ್ದ ನಾನು ಅಲ್ಲಿ ಸುಮ್ಮನೆ ಎದ್ದು ಬಂದೆ. ಮಗಳ ಮುಖ ನೋಡಲು ನಾಚಿಕೆಯಾಯಿತು.

ಇನ್ನೊಂದು ಮಾತನ್ನು ಬಡ ಪಾಲಕರು ತಿಳಿದಿರಬೇಕು. ಅದೇ ಕಾಯಿದೆಯಂತೆ ಖಾಸಗಿ ಶಾಲೆಗಳಲ್ಲಿ ದುರ್ಬಲ ವರ್ಗದ ಮಕ್ಕಳಿಗೆ ಶೇಕಡಾ 25 ಸ್ಥಾನಗಳಿವೆ. ಆದರೆ ಅಲ್ಪಸಂಖ್ಯಾತರ ಶಾಲೆಗಳಿಗೆ ಈ ಕಾಯಿದೆ ಅನ್ವಯಿಸದೆಂದು 2014ರಲ್ಲಿ ಸುಪ್ರೀಮ್ ಕೋರ್ಟು ತೀರ್ಪಿತ್ತಿತು. ಸಂವಿಧಾನದ 30ನೆಯ ವಿಧಿ ಧರ್ಮದ ಅಲ್ಪಸಂಖ್ಯಾತರಿಗೂ ಭಾಷೆಯ ಅಲ್ಪಸಂಖ್ಯಾತರಿಗೂ ತಮ್ಮ ಶಾಲೆ ನಡೆಸುವ ಹಕ್ಕನ್ನು ಒಟ್ಟಿಗೇ ಕೊಟ್ಟಿದೆ. ಅಂದರೆ ಮಹಾರಾಷ್ಟ್ರದಲ್ಲಿ ಚರ್ಚಿನ ಶಾಲೆಯೂ ಕನ್ನಡಿಗರ ಶಾಲೆಯೂ ಒಂದೇ ನೆರಳಿನಲ್ಲಿ ನಿಂತಿವೆ. ಇದು ಹೊಳೆದಾಗ ನನ್ನ ಅಳುಕು ಅರ್ಧ ಇಳಿಯಿತು.

ಮೂರನೆಯ ದಿನ ಸಂನ್ಯಾಸಿನಿಯರು ನಡೆಸುವ ಸಾಧಾರಣ ಶಾಲೆಯೊಂದು ದೊರೆಯಿತು. ರಾಜ್ಯ ಮಂಡಳಿಯ ಪಠ್ಯ, ಮನೆಯಿಂದ ನಡೆದು ಹೋಗುವಷ್ಟು ದಾರಿ. ಧರ್ಮಬೋಧೆಯ ವಿಷಯವಾಗಿ ಕೇಳಿದೆ. ಸರಕಾರದ ಮನ್ನಣೆ ಪಡೆದ ಶಾಲೆಯಲ್ಲಿ ಪಾಲಕರ ಒಪ್ಪಿಗೆಯಿಲ್ಲದೆ ಮಗುವನ್ನು ಅದಕ್ಕೆ ಕೂಡ್ರಿಸುವಂತಿಲ್ಲವೆಂದು 28ನೆಯ ವಿಧಿ ಹೇಳುತ್ತದೆ. ಮುಖ್ಯೋಪಾಧ್ಯಾಯಿನಿಯರು ಬೇಸರಿಸದೆ, ಆ ಪಾಠ ಕ್ರೈಸ್ತ ಮಕ್ಕಳಿಗೆ ಮಾತ್ರ, ಉಳಿದವರಿಗೆ ನೀತಿಪಾಠ ಎಂದರು. ಬಳಿಕ ಅರ್ಜಿಯಲ್ಲಿಯ ಹೆಸರನ್ನು ಓದಿ, ಹುಡುಗನತ್ತ ಬಾಗಿ, “ನಿನ್ನ ಊರು ಯಾವುದು ಮಗಾ?” ಎಂದು ಅಚ್ಚ ಕನ್ನಡದಲ್ಲಿ ಕೇಳಿದರು. ಅವರು ಮಂಗಳೂರಿನ ಕಡೆಯವರು! ಎರಡು ದಿನ ಎಲ್ಲರೆದುರೂ ಮೂಕನಾಗಿ ನಿಂತಿದ್ದ ಹುಡುಗ ಊರು, ಮನೆ, ಅಜ್ಜನ ಎಮ್ಮೆ ಎಲ್ಲವನ್ನೂ ಹೇಳತೊಡಗಿದ.

“ಇಲ್ಲಿ ಇಂಗ್ಲಿಷ್ ಕಲಿಸುತ್ತೇವೆ. 2020ರ ಕಾಯಿದೆಯಂತೆ ಮರಾಠಿ ಕಡ್ಡಾಯ. ಕನ್ನಡ ಕಲಿಸಲು ನಮ್ಮಿಂದಾಗದು, ಮಾಸ್ತರರೇ, ಅದು ನಿಮ್ಮ ಮನೆಯ ಕೆಲಸ” ಎಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ನಾನು ಅರ್ಜಿಗೆ ಮಗಳಿಂದ ಸಹಿ ಮಾಡಿಸಿದೆ.

ಈಗ ವಾರಕ್ಕೊಂದು ಪತ್ರ ಬರೆಯುತ್ತೇನೆ. ಅವನ ಉತ್ತರದಲ್ಲಿ ಒತ್ತಕ್ಷರಗಳು ಹಾದಿ ತಪ್ಪಿರುತ್ತವೆ, ತಿದ್ದಿ ಹಿಂದಿರುಗಿಸುತ್ತೇನೆ.

ಜೂನ್ ತಿಂಗಳಲ್ಲಿ ನಮ್ಮ ಹಳ್ಳಿಯ ರೈತರೊಬ್ಬರು ಮಗನ ಶಾಲೆ ಬಿಡಿಸಲು ಬಂದರು. ನಾನು ಎಂದಿನಂತೆ ತಾಯ್ನುಡಿಯ ಮಾತೆತ್ತಿದೆ. “ಗುರುಗಳ, ನಿಮ್ಮ ಮೊಮ್ಮಗ ಯಾವ ಸಾಲ್ಯಾಗ ಅದಾನ್ರಿ?” ಎಂದರು. ಕುಚೋದ್ಯವಿರಲಿಲ್ಲ, ತಿಳಿಯಬೇಕೆಂದೇ ಕೇಳಿದ್ದರು. ಇದ್ದುದನ್ನು ಇದ್ದಂತೆ ಹೇಳಿದೆ. ಹಾಜರಿ ಪುಸ್ತಕದಲ್ಲಿ ಒಂದು ಹೆಸರು ಕಡಿಮೆಯಾಯಿತು. ಶಾಲೆ ಬಿಟ್ಟ ದಾಖಲೆಗೆ ಸಹಿ ಹಾಕಿ, ಅದರ ಜೊತೆಗೆ ಎರಡನೆಯ ಇಯತ್ತೆಯ ಕನ್ನಡ ಪುಸ್ತಕವೊಂದನ್ನೂ ಅವರ ಕೈಯಲ್ಲಿಟ್ಟೆ. “ಇದನ್ನ ಮನ್ಯಾಗ ಓದಸ್ರಿ” ಎಂದಷ್ಟೇ ಹೇಳಲು ನನಗೆ ಧೈರ್ಯ ಬಂದಿತು.