ಓಡದೆಯೂ ಸವೆಯುವುದು

ನಮ್ಮ ಮನೆಯ ಕಾರಿಗೆ ಈಗ ಹನ್ನೊಂದು ವರ್ಷ. 2014ರಲ್ಲಿ ಪುಣೆಯಲ್ಲಿ ಅದನ್ನು ಕೊಂಡಾಗ ನಮಗಿದ್ದ ಉದ್ದೇಶ ಒಂದೇ: ಮನಸ್ಸಾದಾಗ ಧಾರವಾಡಕ್ಕೆ ಹೊರಟುಬಿಡುವುದು. ಖಂಬಾಟಕಿ ಘಾಟನ್ನು ದಾಟಿ, ಸಾತಾರಾ, ಕರಾಡ, ಕೊಲ್ಹಾಪುರಗಳನ್ನು ಹಿಂದಿಕ್ಕಿ, ಕಾಗಲ ಕಳೆದು ನಿಪ್ಪಾಣಿಯ ಕನ್ನಡ ಫಲಕಗಳು ಕಂಡವೆಂದರೆ ಅರ್ಧ ಮನೆ ಮುಟ್ಟಿದಂತೆಯೇ. ನಾನೂರು ಕಿಲೋಮೀಟರಿಗೆ ತುಸು ಮಿಕ್ಕ ಆ ದಾರಿಯಲ್ಲಿ ನಾವು ಆಡಿದ ಮಾತು ಪುಣೆಯ ಮನೆಯೊಳಗೆ ಆಡಿದ್ದಕ್ಕಿಂತ ಹೆಚ್ಚೇ ಇರಬೇಕು.

ಈ ವರ್ಷ ದೀಪಾವಳಿ ಕಳೆದ ಮೇಲೆ ಅವ್ವನ ಕಣ್ಣಿನ ಪೊರೆ ತೆಗೆಸುವುದೆಂದು ನಿಶ್ಚಯವಾಯಿತು. ಶನಿವಾರ ಬೆಳಿಗ್ಗೆ ಶಸ್ತ್ರಚಿಕಿತ್ಸೆ. ಶುಕ್ರವಾರ ನಸುಕಿನಲ್ಲಿ ಹೊರಡುವ ಯೋಚನೆಯಿಂದ ಗುರುವಾರ ಕಾರನ್ನು ಆಯಿಲ್ ಬದಲಿಸಲು ಓಣಿಯ ಗ್ಯಾರೇಜಿಗೆ ಕೊಟ್ಟೆವು. ಮೇಸ್ತ್ರಿ ಬಾನೆಟ್ ಎತ್ತಿ ಕೇಳಿದ ಮೊದಲ ಪ್ರಶ್ನೆಗೆ ನಾವು ಪರಸ್ಪರ ಮುಖ ನೋಡಿಕೊಳ್ಳಬೇಕಾಯಿತು: ಟೈಮಿಂಗ್ ಬೆಲ್ಟನ್ನು ಹಿಂದೆ ಬದಲಿಸಿದ್ದು ಯಾವಾಗ?

ಬದಲಿಸಿಯೇ ಇರಲಿಲ್ಲ. ಆದರೆ ನಮ್ಮಲ್ಲಿ ಉತ್ತರವೂ ಸಿದ್ಧವಿತ್ತು. ಕಾರಿನ ಕೈಪಿಡಿ 1 ಲಕ್ಷ ಕಿಲೋಮೀಟರ್ ಎನ್ನುತ್ತದೆ, ನಮ್ಮದಿನ್ನೂ 63,000 ದಾಟಿಲ್ಲ ಎಂದೆವು. ಆತ ನಕ್ಕು ಹೇಳಿದ: “ಸಾಹೇಬ, ಕಿಲೋಮೀಟರ್ ನಾಹೀ, ವರ್ಷಂ ಬಘಾ.” ಕಿಲೋಮೀಟರನ್ನಲ್ಲ, ವರ್ಷಗಳನ್ನು ನೋಡಿ. ಕೈಪಿಡಿಯ ಅದೇ ಸಾಲನ್ನು ಮುಂದೆ ಓದಿದರೆ ವರ್ಷಗಳ ಗಡುವೂ ಇತ್ತು. ಎರಡರಲ್ಲಿ ಯಾವುದು ಮೊದಲೋ ಅದು ಎಂದಿತ್ತು. ಆ ಗಡುವು ಎಂದೋ ಕಳೆದಿತ್ತು. ನಾವು ಅರ್ಧ ಸಾಲು ಓದಿ ನೆಮ್ಮದಿಯಿಂದಿದ್ದೆವು.

ಎಂಜಿನ್ನಿನ ಒಂದು ಬದಿಯಲ್ಲಿ, ಪ್ಲಾಸ್ಟಿಕ್ ಮುಚ್ಚಳದ ಒಳಗೆ, ಹಲ್ಲುಗಳಿರುವ ಈ ರಬ್ಬರ್ ಪಟ್ಟಿ ಇರುತ್ತದೆ. ಕೆಳಗಿನ ಕ್ರ್ಯಾಂಕ್‌ಶಾಫ್ಟಿನ ತಿರುಗುವಿಕೆಯನ್ನು ಮೇಲಿನ ಕ್ಯಾಮ್‌ಶಾಫ್ಟಿಗೆ ಮುಟ್ಟಿಸುವುದು ಅದರ ಕೆಲಸ. ಕೆಳಗಿನದು ಎರಡು ಸುತ್ತು ಸುತ್ತಿದರೆ ಮೇಲಿನದು ಸರಿಯಾಗಿ ಒಂದು ಸುತ್ತು ಸುತ್ತಬೇಕು. ಹೆದ್ದಾರಿಯಲ್ಲಿ ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುತ್ತಿದ್ದರೆ ಒಂದೊಂದು ವಾಲ್ವೂ ಅದೇ ನಿಮಿಷದಲ್ಲಿ 1,000 ಸಲ ತೆರೆದು ಮುಚ್ಚುತ್ತದೆ. ಪಿಸ್ಟನ್ ಮೇಲೆ ಬರುವ ಹೊತ್ತಿಗೆ ವಾಲ್ವ್ ಹಿಂದೆ ಸರಿದಿರಬೇಕು. ನಮ್ಮಂಥ ಡೀಸೆಲ್ ಎಂಜಿನ್ನುಗಳಲ್ಲಿ ಅವೆರಡರ ನಡುವೆ ಬಿಡುವು ತೀರ ಕಡಿಮೆ. ಓಡುವಾಗ ಪಟ್ಟಿ ಹರಿದರೆ ಪಿಸ್ಟನ್ನು ವಾಲ್ವುಗಳಿಗೆ ಬಡಿದು ಅವು ಬಾಗುತ್ತವೆ; ಎಂಜಿನ್ನನ್ನೇ ಬಿಚ್ಚಬೇಕಾಗುತ್ತದೆ. ಇಂಥ ಪಟ್ಟಿ ಬಹುಮಟ್ಟಿಗೆ ಸದ್ದಿಲ್ಲದೆ ಸವೆಯುತ್ತದೆ, ಸೂಚನೆ ಕೊಡದೆ ಹರಿಯುತ್ತದೆ. ಕಾರು ನಿಂತೇ ಇದ್ದರೂ ಕಾಲ ಸರಿದಂತೆ ರಬ್ಬರು ಬಿರುಸಾಗುತ್ತದೆ.

ಹೋಗಿ ಬಂದ ಮೇಲೆ ಮಾಡಿಸೋಣ ಎಂಬುದು ನಮ್ಮಲ್ಲೊಬ್ಬರ ವಾದ. ಘಾಟಿನಲ್ಲಿ ನಿಂತರೆ ಏನು ಗತಿ ಎಂಬುದು ಇನ್ನೊಬ್ಬರ ವಾದ. ಅವ್ವನಿಗೆ ಫೋನು ಮಾಡಿದೆವು. “ನೀವು ಬರೂದು ತಡಾ ಆದ್ರ ಆಗ್ಲಿ, ಗಾಡಿ ನೆಟ್ಟಗ ಇರ್ಲಿ” ಎಂದಳು. ಕೊನೆಗೆ ಒಬ್ಬರು ಶುಕ್ರವಾರ ರಾತ್ರಿಯ ಬಸ್ಸು ಹಿಡಿಯುವುದು, ಇನ್ನೊಬ್ಬರು ಶನಿವಾರ ಕಾರಿನಲ್ಲಿ ಬರುವುದು ಎಂದಾಯಿತು.

ಶುಕ್ರವಾರವಿಡೀ ಗ್ಯಾರೇಜಿನಲ್ಲಿ ಕುಳಿತಿದ್ದೆವು. ಮುಂದಿನ ಬಲಗಾಲಿ ಬಿಚ್ಚಿ, ಎಂಜಿನ್ನಿನ ಅಡಿಗೆ ಮರದ ತುಂಡು ಇಟ್ಟು ಜ್ಯಾಕಿನ ಮೇಲೆ ಅದರ ಭಾರ ಹೊರಿಸಿ, ಮೌಂಟು ಕಳಚಿ, ಮುಚ್ಚಳ ತೆಗೆದ ಮೇಲೆ ಪಟ್ಟಿ ಕಂಡಿತು. ಹೊಸದರಂತೆಯೇ ಇತ್ತು! ಇಷ್ಟಕ್ಕಾಗಿ ಇಷ್ಟೆಲ್ಲ ಬಿಚ್ಚಿದ್ದೇ ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ. ಮೇಸ್ತ್ರಿ ಗುರುತಿಗೆ ಗುರುತು ಕೂಡಿಸಿ, ಅದನ್ನು ಹೊರತೆಗೆದು ಬೆನ್ನು ಕಾಣುವಂತೆ ಬಾಗಿಸಿ ಹಿಡಿದ. ಕೂದಲೆಳೆಯಂಥ ಬಿರುಕುಗಳು ಉದ್ದಕ್ಕೂ ತೆರೆದುಕೊಂಡವು. ಒಂದು ಅಂಚಿನಲ್ಲಿ ಒಳಗಿನ ನೂಲು ಹೊರಬಂದಿತ್ತು. ಪಟ್ಟಿಯ ಜೊತೆಗೆ ಟೆನ್ಷನರ್, ಅದೇ ಪಟ್ಟಿಯಿಂದ ತಿರುಗುವ ವಾಟರ್ ಪಂಪ್ ಎಲ್ಲವನ್ನೂ ಬದಲಿಸಿದ. ಮುಂದೆ ಪಂಪು ಕೆಟ್ಟರೆ ಮತ್ತೆ ಇಷ್ಟನ್ನೂ ಬಿಚ್ಚಬೇಕಲ್ಲ. ಹೊಸ ಪಟ್ಟಿ ಕೂರಿಸಿದ ಮೇಲೆ ಕೂಡಲೇ ಕೀಲಿ ತಿರುಗಿಸಲಿಲ್ಲ. ಪಾನಾ ಹಾಕಿ ಎಂಜಿನ್ನನ್ನು ಕೈಯಿಂದಲೇ ಎರಡು ಪೂರ್ಣ ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಅಲ್ಲಲ್ಲಿಗೇ ಬಂದವೆಂದು ಖಚಿತಪಡಿಸಿಕೊಂಡ.

ಆ ನಡುವೆ ಕಾರಿನೊಳಗಿನ ನಮ್ಮ ಲೆಕ್ಕದ ಪುಸ್ತಕ ಕೈಗೆ ಬಂತು. ಪ್ರತಿ ಪಯಣದ ದಿನಾಂಕ, ಕಿಲೋಮೀಟರು ಅದರಲ್ಲಿ ಬರೆದಿಡುತ್ತ ಬಂದಿದ್ದೇವೆ. 2015ರಲ್ಲಿ ಧಾರವಾಡಕ್ಕೆ ಐದು ಸಲ ಹೋಗಿದ್ದೆವು. 2018ರಲ್ಲಿ ಮೂರು. ಕಳೆದ ವರ್ಷ ಒಂದೇ ಸಲ, ಅದೂ ಎರಡು ದಿನಕ್ಕೆ. ಕಾರು ಕಡಿಮೆ ಓಡಿದೆಯೆಂದು ಮೇಸ್ತ್ರಿಯ ಮುಂದೆ ಹೆಮ್ಮೆಯಿಂದ ಹೇಳಿದ್ದೆವಲ್ಲ, ಆ ಕಡಿಮೆ ಯಾವುದರ ಲೆಕ್ಕವೆಂದು ಅಲ್ಲಿ ತಿಳಿಯಿತು. ವಾರವಾರ ಫೋನಿನಲ್ಲಿ ಮಾತಾಡುತ್ತಿದ್ದೆವು. ಆರಾಮ ಇದ್ದೀನಿ ಎಂದು ಅವ್ವ ಹೇಳುತ್ತಿದ್ದಳು, ನಾವು ನಂಬುತ್ತಿದ್ದೆವು. ಕಣ್ಣು ಮಂಜಾಗಿ ಎರಡು ವರ್ಷವಾಗಿದೆಯೆಂದು ನಮಗೆ ತಿಳಿಸಿದವರು ನೆರೆಮನೆಯವರು.

ಶನಿವಾರ ಮಧ್ಯಾಹ್ನ ಕಾರು ಧಾರವಾಡ ಮುಟ್ಟುವಷ್ಟರಲ್ಲಿ ಶಸ್ತ್ರಚಿಕಿತ್ಸೆ ಮುಗಿದಿತ್ತು. ಮರುದಿನ ಪಟ್ಟಿ ಬಿಚ್ಚಿದ ಮೇಲೆ ಅವ್ವ ಮನೆಯ ಒಂದೊಂದು ವಸ್ತುವನ್ನೂ ಹೊಸದೆಂಬಂತೆ ನೋಡುತ್ತಿದ್ದಳು. ಡಿಕ್ಕಿಯಲ್ಲಿದ್ದ ಹಳೆಯ ಬೆಲ್ಟನ್ನು ಕಂಡು ಕೈಗೆ ತೆಗೆದುಕೊಂಡಳು.

“ಇದೇನ ನಿಮ್ಮನ್ನ ತಡಾ ಮಾಡಿದ್ದು? ಚಲೋನ ಐತಲ್ಲ.”

ಬಾಗಿಸಿ ತೋರಿಸಿದೆವು. ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, “ಹೌದ ನೋಡು. ಈಗ ಕಾಣ್ತದ” ಎಂದಳು. ಬೇರೇನೂ ಹೇಳಲಿಲ್ಲ.

ಪುಣೆಗೆ ಮರಳಿ ಲೆಕ್ಕದ ಪುಸ್ತಕದಲ್ಲಿ ಬರೆದೆವು: ಟೈಮಿಂಗ್ ಬೆಲ್ಟ್ ಬದಲಿಸಿದ್ದು, 63,000; ಮುಂದಿನದಕ್ಕೆ ಕಿಲೋಮೀಟರಿನ ಜೊತೆಗೆ ವರ್ಷವೂ. ಅದರ ಕೆಳಗೆ ಮೊದಲ ಬಾರಿಗೆ, ಇನ್ನೂ ಹೋಗಿರದ ಪಯಣದ ದಿನಾಂಕವೊಂದನ್ನು ಬರೆದಿಟ್ಟಿದ್ದೇವೆ: ಸಂಕ್ರಾಂತಿಗೆ ಧಾರವಾಡ.