ಮಾಯಾಲೋಹವೂ ನಮ್ಮ ಉಕ್ಕೂ

ಈಗಿನ ಹುಡುಗರು ಆಡುವ ಒಂದು ಬಗೆಯ ಆಟವಿದೆ. ಅದಕ್ಕೆ ಚೆಂಡು ಬೇಡ, ಬಯಲು ಬೇಡ. ನಾಲ್ಕು ಜನ ಮೇಜಿನ ಸುತ್ತ ಕುಳಿತು, ಒಬ್ಬ ವೀರ, ಒಬ್ಬ ಮಂತ್ರವಾದಿ, ಒಬ್ಬ ಕಳ್ಳ ಎಂದು ಪಾತ್ರ ವಹಿಸಿಕೊಂಡು, ದಾಳ ಉರುಳಿಸುತ್ತ ಕತೆ ಬೆಳೆಸುವುದು. 1974ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಈ ವಂಶದ ಮೂಲಪುರುಷ. ಇಂಥ ಆಟಗಳಲ್ಲಿ ಸಾಧಾರಣ ಕಬ್ಬಿಣದ ಕತ್ತಿಗೆ ಮರ್ಯಾದೆ ಕಡಿಮೆ. ಕವಚಕ್ಕೆ, ಖಡ್ಗಕ್ಕೆ ‘ಮಿಥ್ರಿಲ್’, ‘ಅಡಮಂಟೈನ್’ ಮೊದಲಾದ ಮಾಯಾಲೋಹಗಳು ಬೇಕು. ಮಿಥ್ರಿಲ್ ಎಂಬುದು ಟೋಲ್ಕೀನ್ ಎಂಬ ಇಂಗ್ಲಿಷ್ ಪ್ರಾಧ್ಯಾಪಕರ ಕಾದಂಬರಿಯಿಂದ ಇಳಿದು ಬಂದದ್ದು. ತೂಕದಲ್ಲಿ ಹಗುರ, ಗಟ್ಟಿತನದಲ್ಲಿ ಸಾಟಿಯಿಲ್ಲ.

ಕಾಕ್ಕನಾಡಿನ ನಮ್ಮ ಫ್ಲ್ಯಾಟಿನಲ್ಲಿ ಮೊಮ್ಮಗ ಮತ್ತು ಅವನ ಗೆಳೆಯರು ಈ ಲೋಹಕ್ಕಾಗಿ ಗಂಟೆಗಟ್ಟಲೆ ಹೋರಾಡುತ್ತಾರೆ. ಒಂದು ದಿನ ಅವನೇ ಕೇಳಿದ: “ತಾತ, ಇಂಥಾದ್ದು ನಿಜವಾಗಿ ಎಲ್ಲಾದರೂ ಇತ್ತಾ?”

“ಇತ್ತು. ಅದರ ಹೆಸರು ಕನ್ನಡದ್ದೇ. ಉಕ್ಕು.”

“ಹಾಲು ಉಕ್ಕೋದಾ?”

ಹುಡುಗನನ್ನು ಏನೆನ್ನಲಿ? ಮನೆಯಲ್ಲಿ ಅವನ ಕಿವಿಗೆ ಬೀಳುವುದು ‘ಸ್ಟೀಲ್’. ಶಾಲೆಯಲ್ಲಿ ಕಲಿತದ್ದು ಮಲಯಾಳದ ‘ಉರುಕ್ಕ್’. ನಮ್ಮ ಮಾತು ನಡುವೆ ಎಲ್ಲೋ ಜಾರಿ ಹೋಗಿತ್ತು. ಹಾಲಿನ ಉಕ್ಕು ಬೇರೆ, ಲೋಹದ ಉಕ್ಕು ಬೇರೆ. ಇದು ‘ಉರುಕು’, ಅಂದರೆ ಕರಗು ಎಂಬ ದ್ರಾವಿಡ ಧಾತುವಿನಿಂದ ಬಂದದ್ದು. ‘ಇರ್ದ’ ಎಂಬುದು ‘ಇದ್ದ’ ಆದಂತೆ ‘ಉರ್ಕು’ ಎಂಬುದು ‘ಉಕ್ಕು’ ಆಯಿತು. ಶಾಲೆಯ ಉರುಕ್ಕೂ ನಮ್ಮ ಉಕ್ಕೂ ಅಣ್ಣತಮ್ಮಂದಿರು ಎಂದು ತಿಳಿದಾಗ ಅವನಿಗೆ ಸ್ವಲ್ಪ ಆಸಕ್ತಿ ಹುಟ್ಟಿತು.

ಈ ಉಕ್ಕೇ ಇಂಗ್ಲಿಷರ ಬಾಯಲ್ಲಿ ‘ವೂಟ್ಸ್’ ಆಯಿತೆಂಬುದು ಹಲವು ವಿದ್ವಾಂಸರ ಮತ. ಮುಂಬಯಿಯಿಂದ ಡಾಕ್ಟರ್ ಹೆಲೆನಸ್ ಸ್ಕಾಟ್ ಕಳಿಸಿದ ಗಟ್ಟಿಗಳನ್ನು ಪರೀಕ್ಷಿಸಿ ಜಾರ್ಜ್ ಪಿಯರ್ಸನ್ 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಆ ಹೆಸರಿದೆ. ತೆಲುಗರೂ ಉಕ್ಕು ಎಂದೇ ಅನ್ನುತ್ತಾರೆ, ಅವರ ಸೀಮೆಯ ಕೋನಸಮುದ್ರವೂ ಉಕ್ಕಿಗೆ ಹೆಸರಾಗಿತ್ತು. ಇದರ ಮೇಲೆ ವ್ಯಾಜ್ಯ ಹೂಡುವುದು ಬೇಡ, ಹಂಚಿಕೊಳ್ಳೋಣ.

ಇದನ್ನು ಮಾಡುತ್ತಿದ್ದ ಬಗೆಯನ್ನು ಕಣ್ಣಾರೆ ಕಂಡು ಬರೆದವನು ಫ್ರಾನ್ಸಿಸ್ ಬುಕಾನನ್. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಅವನು ಮೈಸೂರು ಸೀಮೆಯನ್ನು ಸುತ್ತಿದ. ಮುಂದೆ ಮಲಬಾರಿಗೂ ಬಂದ. ನಮ್ಮ ಮಧುಗಿರಿ ಕಡೆಯ ಚನ್ನರಾಯನದುರ್ಗದ ಉಕ್ಕಿನ ಕುಲುಮೆಗಳ ವಿವರ ಅವನ ಪುಸ್ತಕದಲ್ಲಿದೆ. ಸಣ್ಣ ಮಣ್ಣಿನ ಮೂಸೆ. ಅದರೊಳಗೆ ಒಂದು ತುಂಡು ಕಬ್ಬಿಣ, ಮೂರು ರೂಪಾಯಿ ತೂಕದ ತಂಗಡಿ ಕಡ್ಡಿ, ಬಳ್ಳಿಯೊಂದರ ಎರಡು ಹಸಿರೆಲೆ. ಬಾಯಿಗೆ ಮಣ್ಣು ಮೆತ್ತಿ, ಕುಲುಮೆಯಲ್ಲಿ ಜೋಡಿಸಿ, ತಿದಿ ಒತ್ತುವುದು. ಕಡ್ಡಿ, ಎಲೆಗಳ ಇಂಗಾಲ ಕಬ್ಬಿಣಕ್ಕೆ ಸೇರಿ, ಕಬ್ಬಿಣ ಕರಗಿ, ತಣಿದಾಗ ಮೂಸೆಯ ತಳದಲ್ಲಿ ಅಂಗೈ ತುಂಬುವಷ್ಟು ಉಕ್ಕಿನ ಗಟ್ಟಿ. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಇಂಥ ಮೂಸೆಗಳ ಚೂರುಗಳು ನೆಲದ ಮೇಲೇ ಸಿಕ್ಕಿವೆ. ಮಂತ್ರವಿಲ್ಲ, ಯಕ್ಷಿಣಿಯಿಲ್ಲ. ಬೆಂಕಿಯ ಬಣ್ಣ ನೋಡಿಯೇ ಹದ ತಿಳಿಯುವ ಕಣ್ಣು ಬೇಕಿತ್ತು, ಅಷ್ಟೆ. ಆ ‘ಅಷ್ಟೆ’ಯಲ್ಲೇ ಎಲ್ಲವೂ ಇತ್ತು.

ದಕ್ಷಿಣದ ಈ ಗಟ್ಟಿಗಳನ್ನು ಪಶ್ಚಿಮ ಏಷ್ಯದ ಕಮ್ಮಾರರು ಹದವರಿತು ಬಡಿದರೆ ಅಲಗಿನ ಮೇಲೆ ನೀರಿನ ಅಲೆಯಂಥ ಗೆರೆಗಳು ಮೂಡುತ್ತಿದ್ದವು. ಅದೇ ಲೋಕಪ್ರಸಿದ್ಧವಾದ ಡಮಾಸ್ಕಸ್ ಖಡ್ಗ. ನಮ್ಮ ಕರಾವಳಿಯಿಂದ ಅರಬ್ಬೀ ನಾಡಿಗೆ ಕಬ್ಬಿಣ ಹೋಗುತ್ತಿದ್ದುದು ಹಳೆಯ ಸಂಗತಿ. ಮಟ್ಟಾಂಚೇರಿಯ ಯೆಹೂದಿ ದೇಗುಲ ಎದ್ದದ್ದು 1568ರಲ್ಲಿ. ಅದಕ್ಕೆ ನಾನೂರು ವರ್ಷ ಮೊದಲೇ, ಮಂಗಳೂರಿನಲ್ಲಿ ನೆಲೆಸಿದ್ದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕ ಮೆಣಸಿನೊಂದಿಗೆ ಕಬ್ಬಿಣವನ್ನೂ ಏಡನ್ನಿಗೆ ಸಾಗಿಸುತ್ತಿದ್ದ. ಕೈರೋದಲ್ಲಿ ಸಿಕ್ಕ ಕಾಗದಗಳಿಂದ ಇದು ತಿಳಿದಿದೆ. ಅದೆಲ್ಲ ಉಕ್ಕೇ ಎಂದು ನಾನು ಹೇಳುವುದಿಲ್ಲ. ಅಭಿಮಾನಕ್ಕೂ ಒಂದು ಮಿತಿಯಿರಬೇಕು.

ಮಾಡುವ ಬಗೆ ಗೊತ್ತಿಲ್ಲದವರು ಮಾಯೆಯನ್ನು ಕಟ್ಟಿದರು. ಕಾದ ಕತ್ತಿಯನ್ನು ಗುಲಾಮನ ಮೈಗೆ ಚುಚ್ಚಿ ತಣಿಸುತ್ತಿದ್ದರೆಂಬ ಘೋರ ಕತೆ ಯುರೋಪಿನಲ್ಲಿ ಹಬ್ಬಿತ್ತು. ವಾಲ್ಟರ್ ಸ್ಕಾಟ್ 1825ರ ‘ದಿ ಟ್ಯಾಲಿಸ್‌ಮನ್’ ಕಾದಂಬರಿಯಲ್ಲಿ ಸಲಾದೀನನ ಕೈಯಲ್ಲಿ ತೆಳು ಬಟ್ಟೆಯನ್ನು ಗಾಳಿಯಲ್ಲೇ ಕತ್ತರಿಸಿಬಿಟ್ಟ. ಹುಡುಗರ ಆಟದ ಖಡ್ಗಗಳು ಈ ಕತೆಗಳ ಮರಿಮಕ್ಕಳೆಂದೇ ನನ್ನ ಎಣಿಕೆ.

ವಿಜ್ಞಾನಿಗಳೂ ತಿಣುಕಾಡಿದರು. ಕಮ್ಮಾರನ ಮಗನಾದ ಮೈಕೇಲ್ ಫ್ಯಾರಡೆ 1819ರಲ್ಲಿ ವೂಟ್ಸನ್ನು ಪರೀಕ್ಷಿಸಿ, ಗುಟ್ಟು ಅಲ್ಯುಮಿನಿಯಂನಲ್ಲಿದೆ ಎಂದುಕೊಂಡ. ಗುಟ್ಟು ಇದ್ದದ್ದು ಇಂಗಾಲದಲ್ಲಿ, ನೂರಕ್ಕೆ ಸುಮಾರು ಒಂದೂವರೆ ಪಾಲು. 1998ರಲ್ಲಿ ಅಮೆರಿಕದ ವೆರ್‌ಹೋವನ್ ಮತ್ತು ಕಮ್ಮಾರ ಪೆಂಡ್ರೆ ಮೊದಲಾದವರು, ಅದಿರಿನಿಂದ ಬಂದ ವನೇಡಿಯಂನಂಥ ಧಾತುಗಳ ಲೇಶವೂ ಆ ಗೆರೆಗಳಿಗೆ ಕಾರಣವೆಂದು ತೋರಿಸಿದರು. 2006ರಲ್ಲಿ ಜರ್ಮನಿಯ ಡ್ರೆಸ್ಡೆನ್ನಿನವರು ಹಳೆಯ ಖಡ್ಗವೊಂದರಲ್ಲಿ ಇಂಗಾಲದ ಅತಿಸೂಕ್ಷ್ಮ ನಳಿಕೆಗಳನ್ನು ಕಂಡರು.

ಅಷ್ಟರಲ್ಲಿ ಮಾಡುವವರೇ ಇರಲಿಲ್ಲ. ಪಾಳೆಯಗಾರರ ಆಯುಧಗಳು ಹೋದವು, ವಿಲಾಯಿತಿಯ ಅಗ್ಗದ ಉಕ್ಕು ಬಂತು, ಇದ್ದಿಲಿಗೆ ಕಾಡು ದುರ್ಲಭವಾಯಿತು. ತಂದೆ ಮಗನಿಗೆ ಕೈ ಹಿಡಿದು ಕಲಿಸುತ್ತಿದ್ದ ವಿದ್ಯೆ, ಕಲಿಯುವ ಮಗನಿಲ್ಲದೆ ನಿಂತಿತು. ಬುಕಾನನ್ ಎಲೆಗಳನ್ನು ಎಣಿಸಿ ಬರೆದುಕೊಂಡ. ಬೆಂಕಿಯ ಬಣ್ಣವನ್ನು ಬರೆದುಕೊಳ್ಳುವುದು ಹೇಗೆ?

ಮೊಮ್ಮಗ ಇದನ್ನೆಲ್ಲ ಕೇಳಿ, ತನ್ನ ವೀರನ ಖಡ್ಗಕ್ಕೆ ‘ಉಕ್ಕು’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡ. ಕನ್ನಡದಲ್ಲಿ ಬರೆದು ತೋರಿಸಿದೆ. ಒತ್ತಕ್ಷರ ಬರೆಯಲು ಎರಡು ಸಲ ತಿದ್ದಬೇಕಾಯಿತು. ಆಮೇಲೆ ಬುಕಾನನ್ ಬರೆದ ಇನ್ನೊಂದು ಸಂಗತಿಯನ್ನು ಹೇಳಿದೆ. ಚನ್ನಪಟ್ಟಣದಲ್ಲಿ ಒಂದು ಮನೆತನದವರು ಉಕ್ಕನ್ನು ಎಳೆದು ವಾದ್ಯಗಳಿಗೆ ತಂತಿ ಮಾಡುತ್ತಿದ್ದರು, ಅದು ದೂರದೂರದ ಊರುಗಳಿಗೆ ಹೋಗುತ್ತಿತ್ತು. ಇದು ಅವನಿಗೆ ರುಚಿಸಲಿಲ್ಲ.

“ಅಷ್ಟು ಒಳ್ಳೇ ಲೋಹದಲ್ಲಿ ತಂತಿ ಯಾಕೆ ಮಾಡಿದರು ತಾತ?” ಎಂದ.